ಯಮನ ಸಭೆಯ ಪಟವನ್ನು ಓದುವುದು ಹೇಗೆ?

ನಡುವೆ ಸಿಂಹಾಸನದ ಮೇಲೆ ಯಮಧರ್ಮರಾಯ. ಪಕ್ಕದಲ್ಲಿ ದಪ್ಪನೆಯ ಲೆಕ್ಕದ ಪುಸ್ತಕ ಬಿಚ್ಚಿಟ್ಟುಕೊಂಡು ಕೂತ ಚಿತ್ರಗುಪ್ತ. ಸುತ್ತಲೂ ಚೌಕ ಚೌಕವಾಗಿ ಹಂಚಿದ ಸಣ್ಣ ಚಿತ್ರಗಳು: ಒಂದರಲ್ಲಿ ಕುದಿಯುವ ಕೊಪ್ಪರಿಗೆ, ಇನ್ನೊಂದರಲ್ಲಿ ಮನುಷ್ಯನನ್ನು ಎರಡಾಗಿ ಸೀಳುವ ಗರಗಸ, ಮತ್ತೊಂದರಲ್ಲಿ ಕೆಂಪಗೆ ಕಾದ ಕಂಬ. ಪ್ರತಿ ಚೌಕದ ಅಡಿಗೂ ಒಂದು ಸಾಲು ಬರಹ: ಇಂಥ ಪಾಪಕ್ಕೆ ಇಂಥ ಶಿಕ್ಷೆ. ಬಜಾರಿನಲ್ಲಿ ಇದಕ್ಕೆ ‘ಕರ್ನಿ ಭರ್ನಿ’ ಪಟ ಎಂದು ಹೆಸರು. ಕನ್ನಡಿಗರಿಗೆ ಇದರ ತಿರುಳು ಗೊತ್ತಿಲ್ಲದ್ದೇನಲ್ಲ. ಎಂ. ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದೇ ಹೆಸರಿಟ್ಟಿದ್ದರು.

ಕಿರಾಣಿ ಅಂಗಡಿ, ಕ್ಷೌರದಂಗಡಿ, ಮಠದ ಪಡಸಾಲೆಗಳ ಗೋಡೆಯ ಮೇಲೆ ಮಸಿ ಹಿಡಿದು ಕೂತಿದ್ದ ಈ ಪಟಗಳು ಈಗ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಸಾಮಾನುಗಳ ಜೊತೆ ಮಾರಾಟಕ್ಕೆ ಬರುತ್ತವೆ. ಕೊಳ್ಳುವವರು ಬಣ್ಣ ನೋಡಿ ಕೊಳ್ಳುತ್ತಾರೆ, ಚೌಕಟ್ಟು ಹಾಕಿಸಿ ತೂಗುಹಾಕುತ್ತಾರೆ. ಪಟ ಏನು ಹೇಳುತ್ತಿದೆ, ಯಾವ ಕಾವ್ಯದಿಂದ ಹೊರಟಿತು, ಅದರಲ್ಲಿ ಏನನ್ನು ಇಟ್ಟುಕೊಂಡಿತು, ಏನನ್ನು ಬಿಟ್ಟಿತು ಎಂದು ಕೇಳುವವರು ಕಡಿಮೆ. ಕ್ರಿಸ್ಟೋಫರ್ ಪಿನ್ನೆ 2004ರಲ್ಲಿ, ಕಜ್ರಿ ಜೈನ್ 2007ರಲ್ಲಿ ಪ್ರಕಟಿಸಿದ ಪುಸ್ತಕಗಳಿಂದಾಗಿ ಭಾರತದ ಬಜಾರ್ ಚಿತ್ರಗಳು ವಿದ್ವತ್ತಿನ ವಿಷಯವಾದವು. ಆದರೆ ಕನ್ನಡದಲ್ಲಿ ಈ ಮಾತುಕತೆ ಇನ್ನೂ ಬೆಳೆಯಬೇಕಾಗಿದೆ.

ಈ ಮಾತುಕತೆ ಶುರುಮಾಡಲು ನವಿ ಮುಂಬಯಿಯ ಕಳಂಬೋಲಿ ಒಳ್ಳೆಯ ನೆಲೆ. ಉಕ್ಕಿನ ಮಾರುಕಟ್ಟೆಯ ಈ ಊರಿನಿಂದಲೇ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇ ಹೊರಡುತ್ತದೆ. ಘಾಟಿ ಹತ್ತಿ ಲೋಣಾವಳಾ ದಾಟಿದರೆ ಸಿಗುವ ಸಣ್ಣ ಊರು ಮಳವಲಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಅಚ್ಚುಕೂಟ ಪ್ಲೇಗಿನ ವರ್ಷಗಳಲ್ಲಿ ಮುಂಬಯಿ ಬಿಟ್ಟು ಅಲ್ಲಿಗೆ ಹೋಯಿತು. ಮುಂದೆ ಅದು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್ ಕೈಗೆ ಬಂತು. 1972ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಪುಣೆಯಲ್ಲಿ 1878ರಲ್ಲೇ ಚಿತ್ರಶಾಲಾ ಪ್ರೆಸ್ ಶುರುವಾಗಿತ್ತು. ದೇವರ ಮುಖವನ್ನು ಹಿಂದೂಸ್ಥಾನದ ಮನೆಮನೆಗೆ ಹಂಚಿದ ಈ ಉದ್ಯಮದ ಬೇರು ಕಳಂಬೋಲಿಯ ಕನ್ನಡಿಗರು ದಿನವೂ ನೋಡುವ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಕನ್ನಡ ನೆಲವೂ ಇದರಿಂದ ದೂರವಿಲ್ಲ. ರವಿವರ್ಮ ಮೈಸೂರು ಅರಮನೆಗೆ ಚಿತ್ರ ಬರೆದುಕೊಟ್ಟರು. ಕಲಬುರಗಿಯ ಎಸ್. ಎಂ. ಪಂಡಿತ (1916–1993) ಮುಂಬಯಿಗೆ ಬಂದು ಸಿನಿಮಾ ಪೋಸ್ಟರು, ಪೌರಾಣಿಕ ಕ್ಯಾಲೆಂಡರುಗಳಿಗೆ ಹೊಸ ಮೈಕಟ್ಟು ಕೊಟ್ಟರು.

ಆದರೆ ಯಮಲೋಕದ ಚಿತ್ರ ಅಚ್ಚುಕೂಟದಿಂದ ಹುಟ್ಟಿದ್ದಲ್ಲ. ಏಳನೆಯ ಶತಮಾನದಲ್ಲಿ ಬಾಣಭಟ್ಟ ಬರೆದ ‘ಹರ್ಷಚರಿತ’ದಲ್ಲಿ ಹರ್ಷ ತಂದೆಯ ಕಾಯಿಲೆಯ ಸುದ್ದಿ ಕೇಳಿ ಧಾವಿಸಿ ಬರುವಾಗ ಪೇಟೆಬೀದಿಯಲ್ಲಿ ಒಬ್ಬ ಯಮಪಟ್ಟಿಕನನ್ನು ಕಾಣುತ್ತಾನೆ. ಅವನ ಎಡಗೈಯಲ್ಲಿ ಕೋಲಿಗೆ ಏರಿಸಿದ ಪಟ, ಅದರಲ್ಲಿ ಭಯಂಕರವಾದ ಕೋಣದ ಮೇಲೆ ಯಮ. ಇನ್ನೊಂದು ಕೈಯಲ್ಲಿ ಒಂದು ಕಡ್ಡಿ. ಸುತ್ತ ಕುತೂಹಲದಿಂದ ಮುತ್ತಿದ ಮಕ್ಕಳು. ಕಡ್ಡಿಯಿಂದ ತೋರಿಸುತ್ತ ಅವನು ಪರಲೋಕದ ಸುದ್ದಿ ಹೇಳುತ್ತಿದ್ದಾನೆ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಚಾಣಕ್ಯನ ಗೂಢಚಾರ ಯಮಪಟ ಹಿಡಿದು ಮನೆಮನೆ ಹೊಕ್ಕು ಸುದ್ದಿ ತರುತ್ತಾನೆ. ಆ ವೇಷಕ್ಕೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು ಎಂದರೆ ಯಮಪಟದವರು ಅಂದಿನ ಊರುಗಳಲ್ಲಿ ಎಷ್ಟು ಸಾಮಾನ್ಯರಾಗಿದ್ದರೆಂದು ಊಹಿಸಬಹುದು. ಬಂಗಾಳದ ಪಟುವರ ಸುರುಳಿಗಳಲ್ಲೂ ಗುಜರಾತಿನ ಗರೋಡರ ಸುರುಳಿಗಳಲ್ಲೂ ಕೊನೆಗೆ ಯಮನ ತೀರ್ಪು ಬರುವುದು ಇದೇ ಪರಂಪರೆಯ ಮುಂದುವರಿಕೆ. ಜಪಾನಿನಲ್ಲೂ ಕುಮಾನೋ ಕ್ಷೇತ್ರದ ಸಂನ್ಯಾಸಿನಿಯರು ನರಕದ ಪಟ ಬಿಚ್ಚಿ, ಕೋಲಿನಿಂದ ತೋರಿಸಿ ಕಥೆ ಹೇಳುತ್ತಿದ್ದರು.

ಹಾಗಾಗಿ ಈ ಪಟಗಳ ವಿಷಯದಲ್ಲಿ ಮೊದಲು ಹೇಳಬೇಕಾದ ಮಾತು ಇದು: ಸುಮ್ಮನೆ ನಿಂತು ನೋಡಲೆಂದು ಇವನ್ನು ಮಾಡಿಲ್ಲ. ಒಬ್ಬರು ತೋರಿಸಿ ಹೇಳಬೇಕು, ಇನ್ನೊಬ್ಬರು ಕೇಳಬೇಕು. ಅಚ್ಚಿನ ಪಟದಲ್ಲಿ ಕಡ್ಡಿ ಹಿಡಿದವನ ಬಾಯಿಮಾತು ಚೌಕದ ಕೆಳಗಿನ ಒಂದು ಸಾಲಾಗಿ ಉಳಿಯಿತು. ಓದು ಬಾರದವರಿಗೆ ಅಜ್ಜಿಯೋ ಅಂಗಡಿಯವನೋ ಆ ಕೆಲಸ ಮಾಡಿದರು.

ಇನ್ನು ಕಾವ್ಯದ ಕಡೆ ಬರೋಣ. ಈ ಪಟಗಳ ಹಿಂದಿರುವ ಮುಖ್ಯ ಗ್ರಂಥ ಗರುಡಪುರಾಣ. ಅದರಲ್ಲೂ ಜನಬಳಕೆಯಲ್ಲಿರುವುದು ನೌನಿಧಿರಾಮ ಸಂಗ್ರಹಿಸಿದ 16 ಅಧ್ಯಾಯಗಳ ‘ಗರುಡಪುರಾಣ ಸಾರೋದ್ಧಾರ’. ಸಾವಿನ ಮನೆಯಲ್ಲಿ ಸೂತಕದ ದಿನಗಳಲ್ಲಿ ಪುರೋಹಿತರು ಓದಿ ಅರ್ಥ ಹೇಳುವ ಶ್ಲೋಕಗಳು ಇವು. ಸತ್ತ ಜೀವಕ್ಕೆ ಹತ್ತು ದಿನಗಳ ಪಿಂಡದಿಂದ ಹೊಸ ಮೈ ಕಟ್ಟಲಾಗುತ್ತದೆ. ಮೊದಲ ದಿನದ ಪಿಂಡದಿಂದ ತಲೆ, ಎರಡನೆಯ ದಿನ ಕುತ್ತಿಗೆ ಮತ್ತು ಹೆಗಲು, ಮೂರನೆಯ ದಿನ ಹೃದಯ, ಹೀಗೆ ಸಾಗಿ ಹತ್ತನೆಯ ದಿನ ಹಸಿವು ಬಾಯಾರಿಕೆ. ಆಮೇಲೆ 86,000 ಯೋಜನದ ದಾರಿ. ನಡುವೆ 16 ಪಟ್ಟಣಗಳು. ನಡುದಾರಿಯಲ್ಲಿ ರಕ್ತ ಕೀವು ಹರಿಯುವ, ನೂರು ಯೋಜನ ಅಗಲದ ವೈತರಣಿ. ಗೋದಾನ ಮಾಡಿದವರಿಗೆ ಮಾತ್ರ ಅದನ್ನು ದಾಟುವ ದಾರಿ ಸುಲಭ. ಕೊನೆಗೆ ಯಮನ ಊರು, ಚಿತ್ರಗುಪ್ತನ ಲೆಕ್ಕ, ಮನುಷ್ಯರ ನಡತೆಯನ್ನು ಕೇಳಿ ತಿಳಿದು ವರದಿ ಒಪ್ಪಿಸುವ ಶ್ರವಣರೆಂಬ ದೇವತೆಗಳ ಸಾಕ್ಷಿ. ನರಕಗಳು 84 ಲಕ್ಷ, ಅವುಗಳಲ್ಲಿ ಘೋರವಾದವು 21 ಎಂದು ಗ್ರಂಥ ಲೆಕ್ಕ ಕೊಡುತ್ತದೆ.

ಈಗ ಪಟವನ್ನು ಈ ಕಾವ್ಯದ ಪಕ್ಕಕ್ಕೆ ಹಿಡಿದು ನೋಡಿದರೆ ಒಂದು ದೊಡ್ಡ ಅಂತರ ಕಾಣುತ್ತದೆ. ಸಾರೋದ್ಧಾರದ ಬಹುಪಾಲು ಉಳಿದವರು ಸತ್ತವರಿಗಾಗಿ ಮಾಡಬೇಕಾದ್ದನ್ನು ಹೇಳುತ್ತದೆ: ಪಿಂಡ, ದಾನ, ಮಾಸಿಕ, ಸಪಿಂಡೀಕರಣ, ಶಯ್ಯಾದಾನ. ನರಕದ ವರ್ಣನೆ ಅದರಲ್ಲಿ ಒಂದು ಭಾಗ ಮಾತ್ರ. ಪಟದಲ್ಲಿ ಪುರೋಹಿತನಿಲ್ಲ, ಪಿಂಡವಿಲ್ಲ, ದರ್ಭೆಯಿಲ್ಲ. ಮಗನೂ ಇಲ್ಲ. ಉಳಿದಿರುವುದು ಮಾಡಿದವನು, ಅವನು ಮಾಡಿದ್ದು, ಅದರ ಫಲ. ಕಾವ್ಯ ವರ್ಷವಿಡೀ ನಡೆಯುವ ಪ್ರಯಾಣವನ್ನು ಹೇಳಿದರೆ, ಪಟ ಒಂದೇ ನೋಟಕ್ಕೆ ಸಿಗುವ ಕಚೇರಿಯನ್ನು ತೋರಿಸುತ್ತದೆ. ಸಾವಿನ ಮನೆಯಲ್ಲಿ ಕುಟುಂಬಕ್ಕೆಂದು ಓದುತ್ತಿದ್ದ ಗ್ರಂಥವನ್ನು ಅಚ್ಚು ಹಾಕಿದವರು ಬದುಕಿರುವ ಗಿರಾಕಿಯ ಕಣ್ಣೆದುರು ನಿಲ್ಲಿಸಿದರು. ಗರುಡಪುರಾಣದ ಪುಸ್ತಕವನ್ನು ಬೇರೆ ದಿನಗಳಲ್ಲಿ ಮನೆಯಲ್ಲಿ ಓದಬಾರದು, ಇಟ್ಟುಕೊಳ್ಳಲೂ ಬಾರದು ಎಂಬ ನಂಬಿಕೆ ಇಂದಿಗೂ ಹಲವು ಮನೆಗಳಲ್ಲಿದೆ. ಅದೇ ಗ್ರಂಥದ ಚಿತ್ರವನ್ನು ಮಾತ್ರ ಜನ ಅಂಗಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಈ ಪಟ ಗರುಡಪುರಾಣಕ್ಕೆ ಬರೆದ ಬರೀ ಚಿತ್ರವಲ್ಲ, ಉತ್ತರಕ್ರಿಯೆಯಿಂದ ಕರ್ಮದ ಕಡೆಗೆ ಭಾರವನ್ನು ಸರಿಸಿದ ಒಂದು ವ್ಯಾಖ್ಯಾನ. ಹಳೆಯ ಯಮಪಟ್ಟಿಕರೂ ಹೀಗೇ ಹೇಳುತ್ತಿದ್ದಿರಬೇಕು. ಅವರ ಎದುರಿಗಿದ್ದದ್ದೂ ಸೂತಕದ ಮನೆಯಲ್ಲ, ಪೇಟೆಯೇ.

ಪಾಪಗಳ ಆಯ್ಕೆಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನರಕಗಳ ಪಟ್ಟಿ ಅತಿ ವಿವರವಾಗಿ ಸಿಗುವುದು ಭಾಗವತದ ಐದನೆಯ ಸ್ಕಂಧದ 26ನೆಯ ಅಧ್ಯಾಯದಲ್ಲಿ. ಅಲ್ಲಿ ಒಟ್ಟು 28 ನರಕಗಳಿವೆ. ಜೀವಂತ ಪ್ರಾಣಿ ಪಕ್ಷಿಗಳನ್ನು ಬೇಯಿಸಿದವನಿಗೆ ಕಾದೆಣ್ಣೆಯ ಕುಂಭೀಪಾಕ. ಹಂಚದೆ ಒಬ್ಬನೇ ತಿಂದವನಿಗೆ ಹುಳುಗಳ ಮಡುವಾದ ಕೃಮಿಭೋಜನ. ಮನೆಗೆ ಬಂದ ಅತಿಥಿಯನ್ನು ಕೆಂಗಣ್ಣಿನಿಂದ ನೋಡಿದ ಗೃಹಸ್ಥನ ಕಣ್ಣನ್ನು ಹದ್ದು ಕಾಗೆಗಳು ಕೀಳುತ್ತವೆ. ಸೊಳ್ಳೆ, ತಗಣೆಗಳನ್ನು ಹಿಂಸಿಸಿದವನಿಗೂ ಅಂಧಕೂಪ ಕಾದಿದೆ. ಹಣದ ಮೇಲೆ ಕಾವಲು ಕೂತ ಜಿಪುಣನಿಗೆ ಸೂಚೀಮುಖ: ಯಮದೂತರು ನೇಕಾರರ ಹಾಗೆ ಅವನ ಮೈಯೆಲ್ಲ ದಾರದಿಂದ ಹೊಲಿಯುತ್ತಾರೆ. ಮನೆಗೆ ಬೆಂಕಿ ಇಡುವವರು, ವಿಷ ಹಾಕುವವರು, ಊರನ್ನೂ ವ್ಯಾಪಾರಿಗಳ ತಂಡವನ್ನೂ ಸುಲಿಯುವವರು ಹೋಗುವ ಸಾರಮೇಯಾದನದಲ್ಲಿ ವಜ್ರದಂಥ ಹಲ್ಲಿನ 720 ನಾಯಿಗಳಿವೆ. ಆ ಸುಲಿಗೆಗಾರರು ರಾಜರೇ ಆಗಿರಲಿ, ರಾಜಭಟರೇ ಆಗಿರಲಿ, ಶಿಕ್ಷೆ ಅದೇ. ಅಧಿಕಾರದಲ್ಲಿದ್ದವರನ್ನು ಹೆಸರಿಟ್ಟು ಸೇರಿಸಿದ ಈ ಮಾತಿನ ಧೈರ್ಯವನ್ನು ಎಷ್ಟು ಮೆಚ್ಚಿದರೂ ಸಾಲದು.

ಬಜಾರಿನ ಪಟಗಳು ಈ 28ರಿಂದ ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ಕೊಪ್ಪರಿಗೆ, ಗರಗಸ, ಗಾಣ, ಕಾದ ಕಂಬಗಳಂತೆ ಒಂದೇ ನೋಟಕ್ಕೆ ಅರ್ಥವಾಗುವವು ಉಳಿಯುತ್ತವೆ. ಪೇಟೆಗೆ ಹತ್ತಿರವಾದ ಪಾಪಗಳು ಮುಂದೆ ಬರುತ್ತವೆ: ತೂಕದಲ್ಲಿ ಮೋಸ, ಸುಳ್ಳುಸಾಕ್ಷಿ, ಲಂಚ, ಕುಡಿತ, ಮೂಕಪ್ರಾಣಿಗಳ ಹಿಂಸೆ. ತಕ್ಕಡಿ ಹಿಡಿಯುವ ಅಂಗಡಿಯವನ ತಲೆಯ ಮೇಲೆಯೇ ತಕ್ಕಡಿಯ ಪಾಪದ ಚಿತ್ರ ನೇತಾಡುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಅದು ಗಿರಾಕಿಗೆ ಕೊಟ್ಟ ಭರವಸೆಯೂ ಹೌದು, ತನಗೆ ತಾನೇ ಹಾಕಿಕೊಂಡ ಕಟ್ಟೂ ಹೌದು.

ಬಿಟ್ಟದ್ದರಲ್ಲಿಯೂ ಅರ್ಥವಿದೆ. ಸಾರೋದ್ಧಾರದ ನಾಲ್ಕನೆಯ ಅಧ್ಯಾಯ ವೇದಾಕ್ಷರ ಕಲಿತ, ಕಪಿಲೆ ಹಸುವಿನ ಹಾಲು ಕುಡಿದ, ಜನಿವಾರ ಹಾಕಿದ ಶೂದ್ರನನ್ನೂ ವೈತರಣಿಗೆ ತಳ್ಳುತ್ತದೆ. ಎಲ್ಲ ಜಾತಿಯವರಿಗೂ ಮಾರಬೇಕಿದ್ದ ಪಟಗಳಲ್ಲಿ ಇಂಥ ಸಾಲಿಗೆ ಸಾಮಾನ್ಯವಾಗಿ ಜಾಗ ಸಿಗುವುದಿಲ್ಲ. ಇದನ್ನು ಸುಧಾರಣೆ ಎಂದು ಕರೆಯುವುದು ಅತಿಯಾದೀತು, ಆದರೆ ಮಾರುಕಟ್ಟೆ ಒಂದು ಅನ್ಯಾಯದ ಸಾಲನ್ನು ಕೈಬಿಟ್ಟದ್ದಂತೂ ನಿಜ. ಹೆಣ್ಣಿನ ವಿಷಯದಲ್ಲಿ ಮಾತ್ರ ಪಟ ಉದಾರವಾಗಲಿಲ್ಲ. ಭಾಗವತದ ತಪ್ತಸೂರ್ಮಿಯಲ್ಲಿ ಹಾದರಕ್ಕೆ ಗಂಡಿಗೂ ಹೆಣ್ಣಿಗೂ ಸಮನಾದ ಶಿಕ್ಷೆ: ಗಂಡು ಕಾದ ಹೆಣ್ಣುಪ್ರತಿಮೆಯನ್ನು, ಹೆಣ್ಣು ಕಾದ ಗಂಡುಪ್ರತಿಮೆಯನ್ನು ಅಪ್ಪಬೇಕು. ಪಟದಲ್ಲಿ ಕಂಬಕ್ಕೆ ಕಟ್ಟಿದ ಬೆತ್ತಲೆ ಹೆಣ್ಣಿನ ಮೈಗೆ ಸಿಗುವ ಗಮನ ಗಂಡಿನ ಮೈಗೆ ಸಿಗುವುದಿಲ್ಲ. ನೀತಿಯ ಹೆಸರಿನಲ್ಲಿ ಕಣ್ಣಿಗೆ ಹಬ್ಬ ಮಾಡಿಸುವ ಈ ಚಾಳಿಯನ್ನು ಪಟದ ದೋಷವೆಂದೇ ಹೇಳಬೇಕು.

ಇಲ್ಲಿ ಯುರೋಪಿನ ಒಂದು ಹೋಲಿಕೆ ನೆರವಿಗೆ ಬರುತ್ತದೆ, ಅದಕ್ಕೂ ಮುಂಬಯಿಯಲ್ಲೇ ಒಂದು ಕೊಂಡಿ ಇದೆ. ಇಟಲಿಯ ದಾಂತೆ (ಮರಣ 1321) ನರಕ, ಶುದ್ಧಿಲೋಕ, ಸ್ವರ್ಗಗಳ ಯಾತ್ರೆಯನ್ನು ನೂರು ಸರ್ಗಗಳಲ್ಲಿ ಹಾಡಿದ ‘ಡಿವೈನ್ ಕಾಮೆಡಿ’ಯ ಒಂದು ಹಳೆಯ ಹಸ್ತಪ್ರತಿ ಫೋರ್ಟ್ ಪ್ರದೇಶದ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಅದನ್ನು ಕೊಟ್ಟವರು ಮುಂಬಯಿಯ ಗವರ್ನರ್ ಆಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್. ಈ ಕಾವ್ಯದ ಸಚಿತ್ರ ಮುದ್ರಣ 1481ರಲ್ಲಿ ಫ್ಲಾರೆನ್ಸಿನಲ್ಲಿ ಹೊರಬಂತು. ಪ್ರತಿ ಸರ್ಗಕ್ಕೂ ಚಿತ್ರ ಹಾಕುವ ಆಸೆಯಿದ್ದರೂ ತಾಮ್ರದ ತಗಡಿನಲ್ಲಿ ಕೊರೆದದ್ದು 19 ಮಾತ್ರ. ಮೊದಲ ಚಿತ್ರದಲ್ಲಿ ದಾಂತೆ ಒಂದೇ ಚೌಕಟ್ಟಿನೊಳಗೆ ಹಲವು ಬಾರಿ ಕಾಣಿಸುತ್ತಾನೆ: ಕಾಡಿನಲ್ಲಿ ದಾರಿ ತಪ್ಪಿದವನೂ ಅವನೇ, ಮೃಗಕ್ಕೆ ಹೆದರಿದವನೂ ಅವನೇ, ದಾರಿ ತೋರುವ ಗುರುವನ್ನು ಕಂಡವನೂ ಅವನೇ. ನೋಡುವವನು ಇದನ್ನು ಗುಂಪು ಎಂದುಕೊಂಡರೆ ಕಥೆಯೇ ತಪ್ಪುತ್ತದೆ. ಗುಸ್ತಾವ್ ದೊರೆ 1861ರಲ್ಲಿ ಸ್ವಂತ ಖರ್ಚಿನಿಂದ ನರಕಭಾಗಕ್ಕೆ ಚಿತ್ರ ಮಾಡಿಸಿದಾಗ ಬೇರೆ ದಾರಿ ಹಿಡಿದ. ಅವನ ಮರದಚ್ಚುಗಳಲ್ಲಿ ಕತ್ತಲೆಯ ಪ್ರಪಾತವೇ ದೊಡ್ಡದು, ದಾಂತೆ ಮತ್ತು ಅವನ ಗುರು ಪುಟ್ಟ ಆಕೃತಿಗಳು. ಇಂದು ಜಗತ್ತು ದಾಂತೆಯ ನರಕವೆಂದು ನೆನಪಿಟ್ಟುಕೊಂಡಿರುವುದು ಬಹುಮಟ್ಟಿಗೆ ದೊರೆಯ ನರಕವನ್ನೇ. ಚಿತ್ರಕಾರ ಕವಿಯ ಮೇಲೆ ಎಷ್ಟು ಗಟ್ಟಿಯಾಗಿ ಕೂರಬಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ದಾಂತೆಯ ಚಿತ್ರದಲ್ಲಿ ನೋಡುವವನಿಗೊಬ್ಬ ಪ್ರತಿನಿಧಿ ಇದ್ದಾನೆ. ಅವನ ಹಿಂದೆ ನಾವು ನಡೆಯುತ್ತೇವೆ. ಯಮನ ಪಟದಲ್ಲಿ ಯಾತ್ರಿಕನೇ ಇಲ್ಲ. ಯಮ ನೇರವಾಗಿ ನಮ್ಮ ಕಡೆ ಮುಖ ಮಾಡಿ ಕೂತಿರುತ್ತಾನೆ. ನ್ಯಾಯಾಲಯದ ಕಟಕಟೆಯಲ್ಲಿ ನಿಂತವನು ನೋಡುವವನೇ.

ಇನ್ನೊಂದು ವಿಚಾರ. ದಾಂತೆಯ ನರಕಕ್ಕೆ ಕೊನೆಯಿಲ್ಲ, ಗರುಡಪುರಾಣದ ನರಕಕ್ಕೆ ಇದೆ. ಪಾಪ ಸವೆದ ಮೇಲೆ ಜೀವ ಮತ್ತೆ ಹುಟ್ಟುತ್ತದೆ. ಆದರೆ ಪಟದಲ್ಲಿ ಹೊರಬರುವ ಬಾಗಿಲನ್ನು ಬರೆದಿರುವುದಿಲ್ಲ. ಪ್ರತಿ ಚೌಕವೂ ಶಿಕ್ಷೆಯಲ್ಲೇ ನಿಲ್ಲುತ್ತದೆ. ಪುರಾಣ ಗೊತ್ತಿಲ್ಲದವರು ಪಟವೊಂದನ್ನೇ ನೋಡಿದರೆ ಹಿಂದೂ ನರಕವೂ ಶಾಶ್ವತ ಎಂದುಕೊಂಡಾರು. ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ. ಮಧ್ವಾಚಾರ್ಯರ ಸಿದ್ಧಾಂತದಲ್ಲಿ ತಮೋಯೋಗ್ಯ ಜೀವರಿಗೆ ಅಂಧಂತಮಸ್ಸೆಂಬ ನರಕದಿಂದ ಬಿಡುಗಡೆಯೇ ಇಲ್ಲ. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಆ ತತ್ತ್ವವನ್ನೇ ಭಾಮಿನಿ ಷಟ್ಪದಿಗೆ ಇಳಿಸಿತು. ಶರಣರಾದರೋ ಸ್ವರ್ಗ ನರಕಗಳನ್ನು ಈ ಲೋಕದ ನಡೆನುಡಿಯಲ್ಲೇ ಕಂಡರು. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಗೆ ತಾಯಿಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲುತ್ತಾರೆ. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆಂದು ಆಡುವ ಪರಮಪದ ಸೋಪಾನ ಪಟವಂತೂ ಏಣಿ ಹಾವುಗಳಿಂದ ಮೇಲೆ ಕೆಳಗೆ ಹೋಗುವ ಅವಕಾಶವನ್ನು ಎಲ್ಲರಿಗೂ ಕೊಡುತ್ತದೆ. ಒಂದೇ ಮನೆಯ ಅಟ್ಟದ ಮೇಲೆ ಈ ಎರಡೂ ಪಟಗಳು ಸಿಕ್ಕರೆ ಅವನ್ನು ಜೊತೆಗಿಟ್ಟು ನೋಡಬೇಕು. ಒಂದು ತೀರ್ಪು ಹೇಳುತ್ತದೆ, ಇನ್ನೊಂದು ದಾರಿ ತೋರಿಸುತ್ತದೆ.

ಪಟದ ವಯಸ್ಸು ಗೊತ್ತುಮಾಡಲು ಕಣ್ಣಿಗಿಂತ ಭೂತಗಾಜು ಒಳ್ಳೆಯದು. ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಸುಣ್ಣದಕಲ್ಲಿನ ನುಣುಪು ಮೈಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಮತ್ತು ಜಿಡ್ಡಿನ ವೈರವನ್ನೇ ಬಳಸಿ ಅಚ್ಚು ತೆಗೆಯುತ್ತಿದ್ದರು. ಗಾಜಿನಲ್ಲಿ ನೋಡಿದರೆ ಯಮನ ಕೆನ್ನೆಯ ನೆರಳು ಕೈಯಿಂದ ಇಟ್ಟ ಚುಕ್ಕೆಗಳಿಂದ ಆಗಿರುತ್ತದೆ. ಚುಕ್ಕೆಗಳು ಸಣ್ಣವು ದೊಡ್ಡವು, ಸಾಲು ತಪ್ಪಿದವು. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕೆಗಳು ಯಂತ್ರದ ಲೆಕ್ಕದಲ್ಲಿ, ಹೂವಿನಾಕಾರದ ಗುಂಪುಗಳಲ್ಲಿ ಕೂತಿರುತ್ತವೆ. ಆಮೇಲೆ ಕೆಳಗಿನ ಅಂಚು. ಬೆಲೆ ಆಣೆಯಲ್ಲಿದ್ದರೆ ಪಟ ಬಹುಶಃ 1957ರ ಏಪ್ರಿಲ್‌ಗಿಂತ ಹಿಂದಿನದು, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು ಆಗ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಮಳವಲಿಯ ಹೆಸರಿದ್ದರೆ ಇನ್ನೂ ಜೋಪಾನ. ಆದರೆ ಹಳೆಯ ಪಟದ ಮರುಮುದ್ರಣಗಳೂ ಅಂಚಿನ ಬರಹವನ್ನು ಹಾಗೇ ಉಳಿಸಿಕೊಂಡಿರುವುದುಂಟು. ಹಾಗಾಗಿ ಅಂಚು ಏನೇ ಹೇಳಲಿ, ಚುಕ್ಕೆಗಳ ಸಾಕ್ಷಿಯನ್ನು ಕೇಳಿಯೇ ತೀರ್ಮಾನಿಸಬೇಕು.

ವೇಷಭೂಷಣವನ್ನೂ ನೋಡಬೇಕು. ಚಿತ್ರಗುಪ್ತನ ಪೇಟ, ಮಸಿಕುಡಿಕೆ, ಇಳಿಜಾರು ಮೇಜು ಯಾವ ಕಾಲದ ಕಚೇರಿಯಿಂದ ಬಂದವು? ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮ ಸಾವನ್ನು ಮೊದಲು ಕಂಡ ಹಿರಿಯ, ಪಿತೃಗಳಿಗೆ ಬೆಳಕಿನ ನೆಲೆ ತೋರಿಸುವವನು. ಅಲ್ಲಿ ಗುಮಾಸ್ತನೂ ಇಲ್ಲ, ಖಾತೆಯೂ ಇಲ್ಲ. ಅಲ್ಲಿಂದ ಈ ದಫ್ತರದವರೆಗೆ ಯಮ ಬಂದ ದಾರಿ ಬಲು ಉದ್ದ.

ಆ ದಾರಿ ಇನ್ನೂ ಮುಗಿದಿಲ್ಲ. 2018ರ ಜುಲೈನಲ್ಲಿ ಬೆಂಗಳೂರಿನ ಸಂಚಾರ ಪೊಲೀಸರು ಯಮನ ವೇಷದ ಕಲಾವಿದನನ್ನು ರಸ್ತೆಗಿಳಿಸಿ ಹೆಲ್ಮೆಟ್ ಹಾಕದವರನ್ನು ತಡೆದು ಬುದ್ಧಿ ಹೇಳಿಸಿದರು. 2019ರ ನವೆಂಬರ್‌ನಲ್ಲಿ ಪಶ್ಚಿಮ ರೈಲ್ವೆ ಮುಂಬಯಿಯಲ್ಲಿ ಹಳಿ ದಾಟುವವರನ್ನು ಹೆಗಲ ಮೇಲೆ ಹೊತ್ತು ಆಚೆ ಬಿಡುವ ‘ಯಮರಾಜ’ನನ್ನು ನಿಲ್ಲಿಸಿತು. ಪಟದ ಯಮ ಪಾಪಿಯನ್ನು ಎಳೆದೊಯ್ಯುತ್ತಾನೆ, ಹಳಿಯ ಮೇಲಿನ ಯಮ ಬದುಕಿಸಿ ಕಳಿಸುತ್ತಾನೆ. ಎರಡರ ಹಿಂದೆಯೂ ಇರುವುದು ಪೇಟೆಬೀದಿಯಲ್ಲಿ ಮಕ್ಕಳ ನಡುವೆ ಪಟ ಬಿಚ್ಚಿದವನ ನಂಬಿಕೆ: ತೋರಿಸಿ ಹೇಳಿದರೆ ಮನುಷ್ಯ ತಿದ್ದಿಕೊಂಡಾನು.

ಕಳಂಬೋಲಿ, ಪನ್ವೇಲ್, ಡೊಂಬಿವಲಿ, ಠಾಣೆಗಳ ಹಳೆಯ ಕಟ್ಟಡಗಳು ಒಡೆದು ಹೊಸ ಗೋಪುರಗಳಾಗುತ್ತಿರುವ ಈ ದಿನಗಳಲ್ಲಿ ಕನ್ನಡ ಮನೆಗಳ, ಹಳೆಯ ಹೋಟೆಲುಗಳ ಗೋಡೆಯಿಂದ ಇಳಿದ ಪಟಗಳು ಗುಜರಿಗೆ ಹೋಗುತ್ತಿವೆ. ಇವುಗಳ ಬಗ್ಗೆ ಕೇಳಿ ತಿಳಿಯಲು ಜಾಗಗಳಿವೆ: ಬೆಂಗಳೂರಿನಲ್ಲಿ ರಾಜಾ ರವಿವರ್ಮ ಹೆರಿಟೇಜ್ ಫೌಂಡೇಶನ್ ಇದೆ. ಅದೇ ನಗರದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಲ್ಲಿ ಜನಪ್ರಿಯ ಮುದ್ರಣಗಳ ಸಂಗ್ರಹವಿದೆ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ನಿಮ್ಮ ಮನೆಯಲ್ಲಿ ಯಮನ ಸಭೆಯ ಪಟವಿದ್ದರೆ ಎಸೆಯುವ ಮುನ್ನ ಅದರ ಎರಡೂ ಬದಿಯ ಫೋಟೋ ತೆಗೆಯಿರಿ, ಕೆಳಗಿನ ಅಂಚನ್ನು ಕತ್ತರಿಸಬೇಡಿ. ಯಾರು ಎಲ್ಲಿಂದ ತಂದರು, ಯಾವ ಗೋಡೆಯ ಮೇಲಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಸಾಧ್ಯವಾದರೆ, ಮಕ್ಕಳಾಗಿದ್ದಾಗ ತಮಗೆ ಆ ಚೌಕಗಳನ್ನು ತೋರಿಸಿ ಏನೆಂದು ಹೇಳಿಕೊಟ್ಟಿದ್ದರು ಎಂಬುದನ್ನು ಅವರ ಬಾಯಿಂದಲೇ ಧ್ವನಿಮುದ್ರಿಸಿಕೊಳ್ಳಿ.